ಮಳೆಗರೆಯುವುದು ನಕ್ಷತ್ರವೇ?

"ರೋಹಿಣಿ ಕೈಕೊಟ್ಟಿತು, ಮೃಗಶಿರೆಯಾದರೂ ಕಣ್ಣು ತೆರೆದೀತೇ?" ಎಂಬ ಮಾತು ಚಳ್ಳಕೆರೆಯ ಕಡೆಯ ಯಾವ ಹಳ್ಳಿಯ ಕಟ್ಟೆಯ ಮೇಲಾದರೂ ಜ್ಯೇಷ್ಠಮಾಸದಲ್ಲಿ ಕಿವಿಗೆ ಬೀಳುವುದು. ಮಳೆಗೆ ನಕ್ಷತ್ರವೇ ಒಡೆಯನೆಂಬುದೂ, ಅದು ಮುನಿದರೆ ಮೋಡವೂ ಮುನಿಯುವುದೆಂಬುದೂ ಆ ಮಾತಿನ ಹಿಂದಿರುವ ನಂಬಿಕೆ. ಪಟ್ಟಣದ ವಿದ್ಯಾವಂತನಾದರೋ ಇದೆಲ್ಲವೂ ಮೌಢ್ಯವೆಂದು ಒಂದೇ ಮಾತಿಗೆ ತಳ್ಳಿಹಾಕುವನು. ಇಬ್ಬರೂ ತಪ್ಪಿದರೆಂದು ನನ್ನ ಅಭಿಪ್ರಾಯ. ಎರಡನೆಯವನ ತಪ್ಪು ಇನ್ನೂ ದೊಡ್ಡದು, ಏಕೆಂದರೆ ಅದರಲ್ಲಿ ವಿಚಾರಿಸಿ ನೋಡುವ ಶ್ರಮವೂ ಇಲ್ಲ.

ಮಳೆಯ ನಕ್ಷತ್ರವೆಂದರೆ ಪಂಚಾಂಗದಲ್ಲಿ ದಿನಕ್ಕೊಂದರಂತೆ ಬದಲಾಗುವ ಚಂದ್ರನ ನಕ್ಷತ್ರವಲ್ಲ. ಸೂರ್ಯನು ವರ್ಷವೊಂದರಲ್ಲಿ ನಡೆಯುವ ಪಥವನ್ನು 27 ಭಾಗ ಮಾಡಿ, ಒಂದೊಂದರಲ್ಲಿ ಆತನು ತಂಗುವ 13–14 ದಿನಗಳ ಅವಧಿಗೆ ಆ ಭಾಗದ ಹೆಸರನ್ನೇ ಹಿರಿಯರು ಇಟ್ಟರು: ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರೆ, 22ರ ಸುಮಾರಿಗೆ ಆರಿದ್ರೆ. ಆರಿದ್ರೆ ಮಳೆ ಹುಯ್ಯುವ ದಿನಗಳಲ್ಲಿ ಆರ್ದ್ರಾ ನಕ್ಷತ್ರವು ಹೆಚ್ಚುಕಡಮೆ ಸೂರ್ಯನೊಡನೆಯೇ ಹುಟ್ಟಿ ಮುಳುಗುವುದರಿಂದ ಇರುಳ ಬಾನಿನಲ್ಲಿ ಕಣ್ಣಿಗೇ ಬೀಳದು. ಅದು ತಾರೀಖಿನ ಹೆಸರು, ಅಷ್ಟೆ. ಅಧಿಕಮಾಸದಿಂದ ಹಿಂದುಮುಂದಾಗುವ ಚಾಂದ್ರಮಾಸವನ್ನು ನೆಚ್ಚದೆ, ಋತುವನ್ನು ಸೂರ್ಯನಿಂದಲೇ ಅಳೆದ ಈ ಜಾಣ್ಮೆಯನ್ನು ಮೌಢ್ಯವೆನ್ನಲು ನನಗೆ ಮನಸ್ಸು ಬಾರದು.

ನಕ್ಷತ್ರವೇ ಮಳೆಗರೆಯುವುದಾಗಿದ್ದರೆ ಆಗುಂಬೆಗೂ ಚಳ್ಳಕೆರೆಗೂ ಭೇದವಿರಬಾರದಷ್ಟೆ. ನೇರವಾಗಿ ಅಳೆದರೆ 200 ಕಿಲೋಮೀಟರಿಗೂ ಕಡಮೆ ಅಂತರದ ಈ ಎರಡು ಊರುಗಳಿಗೂ ಆರಿದ್ರೆ ಹುಟ್ಟುವುದು ಒಂದೇ ದಿನ; ಆದರೂ ವರ್ಷಕ್ಕೆ ಅಲ್ಲಿ 7,000 ಮಿಲಿಮೀಟರಿಗೂ ಮಿಕ್ಕ ಮಳೆ, ಇಲ್ಲಿ 500ರ ಆಸುಪಾಸು. ಕಡಲಿನಿಂದ ಬರುವ ನೀರುಂಡ ಗಾಳಿಯು ಸಹ್ಯಾದ್ರಿಯನ್ನು ಏರುವಾಗ ತಂಪಾಗಿ ತನ್ನ ಹೊರೆಯನ್ನೆಲ್ಲ ಅಲ್ಲಿಯೇ ಇಳಿಸಿ, ಈಚೆಗೆ ಇಳಿಯುವಾಗ ಬಿಸಿಯಾಗಿ ಒಣಗಿಹೋಗುವುದು. ಚಳ್ಳಕೆರೆಯ ಸೀಮೆಗೆ ಬಲವಾದ ಮಳೆ ಉತ್ತರೆ, ಹಸ್ತ, ಚಿತ್ತೆಗಳ ಕಾಲದ್ದು. "ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ" ಎಂಬ ಗಾದೆಯನ್ನು ಎಲ್ಲ ನೆಲಕ್ಕೂ ಒಂದೇ ಎಂದು ಹಿಡಿಯುವುದು ಆ ಗಾದೆಗೇ ಮಾಡುವ ಅನ್ಯಾಯ.

ಎಲ್ಲ ಕಾಲಕ್ಕೂ ಒಂದೇ ಎನ್ನುವುದೂ ಹಾಗೆಯೇ. ಭೂಮಿಯ ಅಕ್ಷವು ಬುಗುರಿಯಂತೆ ಮೆಲ್ಲನೆ ಓಲಾಡುವ ಕಾರಣ, ನಕ್ಷತ್ರಗಳ ಲೆಕ್ಕದ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ದೀರ್ಘವಾದುದು. 70 ವರ್ಷಗಳಿಗೆ ಅದು ಒಂದು ದಿನವಾಗಿ, ಸಾವಿರ ವರ್ಷಗಳಿಗೆ ಇಡೀ ಒಂದು ಮಳೆಯಷ್ಟಾಗುವುದು. 6ನೆಯ ಶತಮಾನದ ವರಾಹಮಿಹಿರನ ಕಾಲದಲ್ಲಿ ಸೂರ್ಯನು ಪುನರ್ವಸುವಿನ ಕಡೆಯ ಪಾದವನ್ನು ಮುಟ್ಟಿದಾಗ ದಕ್ಷಿಣಾಯನ ಮೊದಲಾಗುತ್ತಿತ್ತು. ಇಂದು ಆತನು ಆರಿದ್ರೆಯ ಹೊಸ್ತಿಲಲ್ಲಿರುವಾಗಲೇ ಅದು ಒದಗುವುದು.

ಮುಂಗಾರಿನ ಮೊದಲ ಮಳೆಯ ಮರುದಿನ ಬದುವಿನ ಮೇಲೆ ಕಾಣುವ, ಕೆಂಪು ಮಖಮಲ್ಲಿನ ಚೂರಿನಂಥ ಹುಳುವು ಮಳೆಯೊಡನೆ ಆಕಾಶದಿಂದ ಉದುರುವುದೆಂದು ಬಾಲ್ಯದಲ್ಲಿ ನಾನೂ ನಂಬಿದ್ದೆ. ಎಂಟು ಕಾಲಿನ ಆ ಜೀವಿಯು ವರ್ಷದ ಬಹುಭಾಗ ಮಣ್ಣಿನೊಳಗೆ ಅಡಗಿದ್ದು, ತೇವ ತಗುಲಿದಾಗ ಮೇಲೆದ್ದು ಬರುವುದು. ಸ್ವಾತಿಯ ಹನಿ ಸಿಂಪಿಯಲ್ಲಿ ಮುತ್ತಾಗುವುದೆಂಬುದೂ ಕವಿಗಳಿಗೆ ಸಲ್ಲತಕ್ಕ ಮಾತು. ಒಳಹೊಕ್ಕ ಅನ್ಯವಸ್ತುವಿನ ಸುತ್ತ ಸಿಂಪಿಯು ತನ್ನ ಹೊಳಪಿನ ಪದರವನ್ನು ಸುತ್ತುತ್ತ ಹೋಗಿ ಮುತ್ತಾಗುವುದು.

ನಮ್ಮ ಅಜ್ಜ ಮಳೆಗಳ ಹೆಸರನ್ನು ದಿನಕ್ಕೆ ಹತ್ತು ಸಲ ಆಡುತ್ತಿದ್ದರು. ಕೂರಿಗೆ ಹೂಡುವ ಮುನ್ನ ಮಾತ್ರ ಹೊಲಕ್ಕೆ ಹೋಗಿ, ಗೇಣುದ್ದ ಕೆದಕಿ, ತಳದ ಮಣ್ಣನ್ನು ಹಿಡಿಯಷ್ಟು ತೆಗೆದು ಉಂಡೆ ಕಟ್ಟಿ, ಸೊಂಟದೆತ್ತರದಿಂದ ಕೆಳಕ್ಕೆ ಬಿಡುತ್ತಿದ್ದರು. ಉಂಡೆಯೇ ಕಟ್ಟದಿದ್ದರೆ ತೇವ ಸಾಲದು. ಬಿದ್ದೂ ಒಡೆಯದಿದ್ದರೆ ಹಸಿ ಹೆಚ್ಚು. ಬಿದ್ದೊಡನೆ ಪುಡಿಯಾದರೆ ಹದ. ಒಂದು ವರ್ಷ ಮೃಗಶಿರೆ ಹುಟ್ಟಿದ ಮೂರನೆಯ ದಿನವೇ ತುಂತುರು ಬಿದ್ದು, ನೆರೆಹೊರೆಯವರೆಲ್ಲ ಶೇಂಗಾ ಬಿತ್ತಲು ಹೊರಟಾಗ, ಅವರು ಉಂಡೆ ಕಟ್ಟದ ಮಣ್ಣನ್ನು ಕೈಯಿಂದ ಕೊಡವಿಕೊಂಡು, ಬೀಜದ ಚೀಲವನ್ನು ಮತ್ತೆ ಅಟ್ಟಕ್ಕೇರಿಸಿ, ಹನ್ನೆರಡು ದಿನ ಕಾದರು.