ಎಳ್ಳಮಾವಾಸ್ಯೆಯ ರೊಟ್ಟಿ

ಮಾರ್ಗಶಿರ ಮಾಸದ ಅಮಾವಾಸ್ಯೆಯು ಉತ್ತರ ಕರ್ನಾಟಕದ ಒಕ್ಕಲುಮನೆಗಳಿಗೆ ದೊಡ್ಡ ಹಬ್ಬವು. ಆ ದಿನ ಮನೆಮಂದಿಯೆಲ್ಲರೂ ಬುತ್ತಿಯನ್ನು ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿಯ ಮರದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ನಿಂತ ಬೆಳೆಗೆ ಚರಗವನ್ನು ಚೆಲ್ಲಿ, ಅಲ್ಲಿಯೇ ಕುಳಿತು ಉಣ್ಣುವರು. ಶೇಂಗಾಹೋಳಿಗೆ, ಸಜ್ಜೆಯ ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ ಇವೆಲ್ಲವೂ ಇದ್ದರೂ ಎಳ್ಳು ಹಚ್ಚಿದ ರೊಟ್ಟಿಯಿಲ್ಲದೆ ಆ ಊಟವು ತುಂಬದು. ಹೋಳಿಗೆಯನ್ನು ಕುರಿತು ಬರೆಯುವವರು ಬಹುಮಂದಿ ಇರುವರು. ಆದುದರಿಂದ ನಾನು ರೊಟ್ಟಿಯ ಮಾತನ್ನು ಮಾತ್ರ ಎತ್ತಿಕೊಂಡಿದ್ದೇನೆ.

ರಾಗಿಯ ಸೀಮೆಯಿಂದ ವಿಜಾಪುರದ ಕಡೆಯ ಮನೆಗೆ ಸೊಸೆಯಾಗಿ ಬಂದ ನನಗೆ ಈ ವಿದ್ಯೆಯು ಸುಲಭವಾಗಿ ದಕ್ಕಲಿಲ್ಲ. ಗೋದಿಯ ಹಿಟ್ಟಿಗೆ ಹುಟ್ಟುಗುಣವಾಗಿಯೇ ಜಿಗುಟುಂಟು. ಜೋಳಕ್ಕೂ ಸಜ್ಜೆಗೂ ಅದಿಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನೊಳಗಿನ ಪಿಷ್ಟವು ಉಬ್ಬಿ ಬೆಂದು ಅಂಟಾಗುವುದರಿಂದಲೇ ರೊಟ್ಟಿಯು ಒಡೆಯದೆ ನಿಲ್ಲುವುದು. ಒಂದು ಬಟ್ಟಲು ಹಿಟ್ಟಿಗೆ ಸುಮಾರು ಮುಕ್ಕಾಲು ಬಟ್ಟಲು ಎಸರು ಹಿಡಿಯುತ್ತದೆ. ಮರಿಗೆಯಲ್ಲಿ ಹಿಟ್ಟನ್ನು ಅಂಗೈಯ ಬುಡದಿಂದ ಚೆನ್ನಾಗಿ ಮಿದಿದು, ಒಂದೊಂದೇ ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ತಿರುಗಿಸುತ್ತ ಬಡಿಯಬೇಕು. ಅರ್ಧ ಅಗಲವಾದಾಗ ಎಳ್ಳನ್ನು ಉದುರಿಸಿ ಮತ್ತೆ ಬಡಿದರೆ ಅದು ಮೈಯೊಳಗೆ ಕೂಡುತ್ತದೆ. ಹಂಚು ಚೆನ್ನಾಗಿ ಕಾದಿರಬೇಕು. ರೊಟ್ಟಿಯ ಒಣಹಿಟ್ಟಿನ ಮೈಯನ್ನು ಮೇಲೆ ಮಾಡಿ ಹಾಕಿ, ಒದ್ದೆಬಟ್ಟೆಯಿಂದ ಸವರಿ, ನೀರು ಆರುತ್ತಲೇ ಮಗುಚತಕ್ಕದ್ದು. ಕೊನೆಗೆ ಕೆಂಡದ ಮುಂದೆ ಒರಗಿಸಿದರೆ ಉಬ್ಬಿ ನಿಲ್ಲುತ್ತದೆ. ಅನಿಲದ ಒಲೆಯುಳ್ಳವರು ಹಂಚಿನ ಮೇಲೆಯೇ ಬಟ್ಟೆಯಿಂದ ಒತ್ತಿ ಉಬ್ಬಿಸುವರು. ರುಚಿ ತುಸು ಕಡಿಮೆಯೆಂದೇ ನನ್ನ ಅಭಿಪ್ರಾಯ.

ಕೆಲವು ವರ್ಷಗಳ ಹಿಂದೆ ಅತ್ತೆಯವರ ಕೈಗಳು ಮರಗಟ್ಟಿ, ಹಬ್ಬದ ರೊಟ್ಟಿಯ ಭಾರವು ಮೊದಲಬಾರಿಗೆ ನನ್ನೊಬ್ಬಳ ಮೇಲೆ ಬಿದ್ದಿತು. ಹಿಂದಿನ ರಾತ್ರಿ ಬಡಿಯಲು ಕುಳಿತರೆ ಒಂದಾದ ಮೇಲೊಂದು ಅಂಚಿನಿಂದ ಬಿರಿದುಹೋಗತೊಡಗಿದವು. ಎಸರನ್ನು ಹೆಚ್ಚಿಸಿದೆನು, ಮಿದಿದೆನು, ಕಣ್ಣೀರೂ ಬಂದಿತು. ಪಡಸಾಲೆಯಲ್ಲಿ ಮಲಗಿದ್ದ ಅತ್ತೆಯವರು ಬಡಿಯುವ ಸಪ್ಪಳವನ್ನು ಕೇಳಿಯೇ, “ಹಿಟ್ಟಿಗೆ ಮುಪ್ಪು ಬಂದದ ಯವ್ವಾ, ನಿನ್ನ ಕೈದೇನೂ ತಪ್ಪಿಲ್ಲ” ಎಂದರು. ನಿಜವೇ. ಒಂದೂವರೆ ತಿಂಗಳ ಹಿಂದೆ ಬೀಸಿಸಿದ ಹಿಟ್ಟು ಅದು. ಹಳೆಯ ಹಿಟ್ಟಿನ ಹದವು ತಪ್ಪುವುದು. ಸಜ್ಜೆಯದಾದರೋ ಎಣ್ಣೆಯ ಅಂಶ ಹೆಚ್ಚಿರುವುದರಿಂದ ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಕಾಳಾಗಿಯೇ ಇಟ್ಟರೆ ತಿಂಗಳುಗಟ್ಟಲೆ ಕೆಡದು. ಹಬ್ಬಕ್ಕೆ ಎರಡು ದಿನ ಮುಂಚೆ ಬೀಸಿಸುವುದೇ ಸರಿ. (2023ನೆಯ ಇಸವಿಯನ್ನು ವಿಶ್ವಸಂಸ್ಥೆಯವರು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪಟ್ಟಣದ ನನ್ನ ಗೆಳತಿಯರು ಹಿಟ್ಟನ್ನೇ ಚೀಲಗಟ್ಟಲೆ ಕೊಂಡಿಡುವುದನ್ನು ಕಂಡು ಈ ಮಾತನ್ನು ಬಿಡಿಸಿ ಹೇಳಬೇಕಾಯಿತು.)

ಆ ಹೊತ್ತಿನಲ್ಲಿ ಗಿರಣಿಯೆಲ್ಲಿ? ನೆರೆಮನೆಯವರು ಅಂದೇ ಬೀಸಿಸಿ ತಂದಿದ್ದ ಹಿಟ್ಟನ್ನು ಕಡ ತಂದು ಮತ್ತೆ ಕುಳಿತೆನು. ಅತ್ತೆಯವರು ಮಲಗಿದಲ್ಲಿಂದಲೇ, “ಈಗ ಸಪ್ಪಳ ಸರಿ ಬಂತು” ಎನ್ನುತ್ತಿದ್ದರು. ಇಪ್ಪತ್ತೆರಡು ರೊಟ್ಟಿಗಳಾಗುವಾಗ ಕೋಳಿ ಕೂಗಿತು.

ಮರುದಿನ ಅವರನ್ನೂ ಗಾಡಿಯಲ್ಲಿ ಕೂಡಿಸಿಕೊಂಡು ಹೋದೆವು. ತೆನೆ ಹೊತ್ತ ಜೋಳದ ಸಾಲಿನ ಪಕ್ಕದಲ್ಲಿ ಕಂಬಳಿ ಹಾಸಿ ಬಡಿಸಿದಾಗ, ಬೆರಳು ಬಾಗದ ಅವರಿಗೆ ನಾನೇ ರೊಟ್ಟಿ ಮುರಿದು ಬೆಣ್ಣೆ ಹಚ್ಚಿ ಕೊಟ್ಟೆನು. ಅವರು ಏನನ್ನೂ ಹೇಳಲಿಲ್ಲ. ಒಂದು ಮುಗಿದ ಮೇಲೆ ತಟ್ಟೆಯನ್ನು ಮುಂದೆ ತಳ್ಳಿ, ಇನ್ನರ್ಧ ಹಾಕೆಂದರು.