ಅಂಗಳದ ಮುರುಗಲು, ಅಂಗಡಿಯ ಮಾತ್ರೆ

ಮೇ ತಿಂಗಳ ಮಧ್ಯದಲ್ಲಿ ಶಿರಸಿ, ಹೊನ್ನಾವರ, ಕುಮಟೆಯ ಕಡೆ ಹೋದವರು ಹಳ್ಳಿಮನೆಗಳ ಅಂಗಳದಲ್ಲಿ ಈ ನೋಟವನ್ನು ಕಂಡಿರಬಹುದು. ಹಳೆಯ ಚಾಪೆಯ ಮೇಲೆ ಹರಡಿದ ರಕ್ತಗೆಂಪಿನ ಸಿಪ್ಪೆಗಳು. ಪಕ್ಕದ ಕಟ್ಟೆಯ ಮೇಲೆ, ಬಾಯಿಗೆ ತೆಳುಬಟ್ಟೆ ಕಟ್ಟಿ ಬಿಸಿಲಿಗಿಟ್ಟ ಗಾಜಿನ ಭರಣಿಗಳು. ಭರಣಿಯೊಳಗೆ ಒಂದು ಪದರ ಸಕ್ಕರೆ, ಒಂದು ಪದರ ಹಣ್ಣಿನ ಹೋಳು. ಕೆಲವು ದಿನ ಬಿಸಿಲುಂಡ ಮೇಲೆ ಸಕ್ಕರೆಯೆಲ್ಲ ಕರಗಿ, ಭರಣಿಯ ತುಂಬ ಕೆಂಪು ಪಾಕ ನಿಲ್ಲುತ್ತದೆ. ಒಲೆ ಇಲ್ಲ, ಕುದಿಸುವುದಿಲ್ಲ. ಮುರುಗಲು ಶರಬತ್ತು ಆಗುವುದೇ ಹೀಗೆ.

ಘಟ್ಟದ ಮೇಲಿನವರಿಗೆ ಇದು ಮುರುಗಲು. ದಕ್ಷಿಣ ಕನ್ನಡಕ್ಕೆ ಇಳಿದರೆ ಪುನರ್ಪುಳಿ. ಕೊಂಕಣಿ ಮಾತಾಡುವ ಮನೆಗಳಲ್ಲಿ ಬಿರಿಂಡ. ಮರಾಠಿಯಲ್ಲಿ ಕೋಕಂ, ಒಣಗಿಸಿದ ಸಿಪ್ಪೆಗೆ ಆಮಸೂಲ. ಬೆಂಗಳೂರಿನ ಅಂಗಡಿಗಳಲ್ಲಿ ಮರಾಠಿ ಹೆಸರೇ ಗೆದ್ದಿದೆ. ನಮ್ಮದೇ ಕಾಡಿನ ಹಣ್ಣನ್ನು ನಾವು ಬೇರೆಯವರ ಹೆಸರಿನಿಂದ ಕೊಳ್ಳುತ್ತಿದ್ದೇವೆ. ಸಸ್ಯಶಾಸ್ತ್ರಜ್ಞರ ಪಾಲಿಗೆ ಇದು ಗಾರ್ಸೀನಿಯಾ ಇಂಡಿಕಾ, ಮ್ಯಾಂಗೋಸ್ಟೀನ್ ಹಣ್ಣಿನ ಹತ್ತಿರದ ಬಂಧು. ಕೊಂಕಣ, ಗೋವಾ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಕಾಸರಗೋಡಿನವರೆಗಿನ ಪಶ್ಚಿಮ ಘಟ್ಟದ ಇಳಿಜಾರುಗಳೇ ಇದರ ತವರು.

ಹಣ್ಣು ಸಣ್ಣ ನಿಂಬೆಯ ಗಾತ್ರದ್ದು. ಹಣ್ಣಾದಾಗ ಕಡುಗೆಂಪು, ಕೆಲವೊಮ್ಮೆ ನೇರಳೆಯ ಛಾಯೆ. ದಪ್ಪ ಸಿಪ್ಪೆಯನ್ನು ಎರಡು ಹೋಳು ಮಾಡಿದರೆ ಒಳಗೆ ಹುಳಿಸಿಹಿ ತಿರುಳು ಮೆತ್ತಿದ ಐದಾರು ಬೀಜಗಳು. ಮಕ್ಕಳು ಚೀಪುವುದು ಈ ತಿರುಳನ್ನು. ಅಮ್ಮಂದಿರು ಕಾಯುವುದು ಸಿಪ್ಪೆಯನ್ನು. ಅಜ್ಜಿಯರು ಎತ್ತಿಡುತ್ತಿದ್ದುದು ಬೀಜವನ್ನು. ಒಂದು ಹಣ್ಣಿನಲ್ಲಿ ಮೂರು ಪಾಲು, ಎಸೆಯುವುದು ಏನೂ ಇಲ್ಲ.

ಈ ಹಣ್ಣಿನ ಸುದ್ದಿ ಯುರೋಪಿಗೆ ತಲುಪಿದ್ದು ಗೋವೆಯ ಮೂಲಕ. ಅಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತ 1563ರಲ್ಲಿ ಗೋವೆಯಲ್ಲೇ ಅಚ್ಚಾದ ತನ್ನ ಔಷಧಿಗ್ರಂಥದಲ್ಲಿ ಇದನ್ನು ಬಿರಿಂಡದ ಹೆಸರಿನಿಂದಲೇ ಪ್ರಸ್ತಾಪಿಸಿದ್ದಾನೆ. ಒಳಗೆಲ್ಲ ರಕ್ತದ ಬಣ್ಣ, ವಿಪರೀತ ಹುಳಿ, ಬಣ್ಣಗಾರರಿಗೆ ಬೇಕಾದದ್ದು, ಇದರ ಸಿಪ್ಪೆಯನ್ನು ಹಡಗಿನಲ್ಲಿ ಒಯ್ದು ವಿನೆಗರ್ ಮಾಡುತ್ತಾರೆ ಎಂಬುದು ಅವನ ವಿವರಣೆಯ ತಾತ್ಪರ್ಯ. ಮುಂದೆ ಸಸ್ಯವಿಜ್ಞಾನಿಗಳು ಇಟ್ಟ ಮೊದಲ ಹೆಸರುಗಳಲ್ಲಿ ಬ್ರಿಂಡೋನಿಯಾ ಎಂಬುದೂ ಒಂದು. ಅದು ನಮ್ಮ ಬಿರಿಂಡವೇ ಲ್ಯಾಟಿನ್ ಅಂಗಿ ತೊಟ್ಟು ಬಂದದ್ದು. ಗಾರ್ಸೀನಿಯಾ ಎಂಬ ಈಗಿನ ಹೆಸರು ಈ ಗಾರ್ಸಿಯಾನಿಂದ ಬಂದಿತೆಂದು ಹಲವರು ಭಾವಿಸುತ್ತಾರೆ. ಅದು ಹಾಗಲ್ಲ. ಹದಿನೆಂಟನೆಯ ಶತಮಾನದ ಲಾರೆಂಟ್ ಗಾರ್ಸಿನ್ ಎಂಬ ವೈದ್ಯನ ನೆನಪಿಗೆ ಲಿನೇಯಸ್ ಇಟ್ಟ ಹೆಸರದು.

ಇನ್ನು ಅಡುಗೆಮನೆಗೆ ಬರೋಣ. ಹುಣಿಸೆಯ ಹುಳಿಗೂ ಮುರುಗಲ ಹುಳಿಗೂ ಇರುವ ವ್ಯತ್ಯಾಸ ಬಾಯಿಗೆ ಮಾತ್ರ ತಿಳಿಯುವಂಥದಲ್ಲ, ಕಣ್ಣಿಗೂ ಕಾಣುತ್ತದೆ. ಹುಣಿಸೆ ಸಾರನ್ನು ಮಂದ ಮಾಡುತ್ತದೆ, ಕಂದು ಮಾಡುತ್ತದೆ. ಮುರುಗಲು ನೀರನ್ನು ನೀರಾಗಿಯೇ ಬಿಟ್ಟು ಬಣ್ಣ ಮತ್ತು ಹುಳಿಯನ್ನಷ್ಟೇ ಕೊಡುತ್ತದೆ. ಆದ್ದರಿಂದಲೇ ಪುನರ್ಪುಳಿ ಸಾರಿಗೆ ಬೇಳೆ ಬೇಡ, ಸಾರಿನಪುಡಿಯೂ ಬೇಡ. ಎಂಟು ಹತ್ತು ಒಣಸಿಪ್ಪೆಗಳನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ, ಉಪ್ಪು, ಬೆಲ್ಲ, ಸೀಳಿದ ಹಸಿಮೆಣಸು ಹಾಕಿ ಒಂದು ಕುದಿ ಬರಿಸಿದರೆ ಆಯಿತು. ಮೇಲೆ ತುಪ್ಪದಲ್ಲಿ ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆ. ಅನ್ನಕ್ಕೂ ಸೈ, ಲೋಟದಲ್ಲಿ ಕುಡಿಯಲಿಕ್ಕೂ ಸೈ. ಬಹಳ ಹೊತ್ತು ಕುದಿಸಿದರೆ ಬಣ್ಣ ಕಂದುತ್ತದೆ. ಅಲ್ಲಿಗೆ ಅದರ ಅರ್ಧ ಸೊಗಸು ಹೋದಂತೆ.

ಕೊಂಕಣಿ ಮನೆಗಳಲ್ಲಿ ಇದೇ ಹುಳಿನೀರಿಗೆ ತೆಂಗಿನಕಾಯಿಯ ಹಾಲು ಬೆರೆಸಿ, ಬೆಳ್ಳುಳ್ಳಿ ಸೇರಿಸಿ ಕಡಿ ಮಾಡುತ್ತಾರೆ. ತಿಳಿಗುಲಾಬಿ ಬಣ್ಣದ ಈ ಕಡಿಯನ್ನು ಒಲೆಯ ಮೇಲಿಟ್ಟು ಕುದಿಸಬಾರದು, ಕಾಯಿಹಾಲು ಒಡೆಯುತ್ತದೆ. ಕರಾವಳಿಯ ಮೀನಿನ ಪದಾರ್ಥಗಳಿಗೂ ಈ ಸಿಪ್ಪೆ ಬೀಳುತ್ತದೆ. ಬಂಗುಡೆಯಂಥ ಎಣ್ಣೆಮೀನಿನ ಜಿಡ್ಡನ್ನು ಇಂಥ ಚುರುಕು ಹುಳಿಯೇ ಕತ್ತರಿಸಬೇಕು. ಒಂದು ಎಚ್ಚರಿಕೆ: ಇಷ್ಟು ಹುಳಿಯ ಪದಾರ್ಥವನ್ನು ತಾಮ್ರ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡಬಾರದು, ಇಡಲೂಬಾರದು. ಹಿಂದಿನವರು ಮಣ್ಣಿನ ಮಡಕೆ, ಪಿಂಗಾಣಿ ಭರಣಿಗಳನ್ನು ಬಳಸುತ್ತಿದ್ದುದು ಸುಮ್ಮನೆ ಅಲ್ಲ.

ಒಳ್ಳೆಯ ಸಿಪ್ಪೆ ಮಾಡುವುದಕ್ಕೂ ಒಂದು ಹದವಿದೆ. ಹೋಳುಗಳನ್ನು ಒಮ್ಮೆ ಒಣಗಿಸಿ ಮುಗಿಸುವುದಲ್ಲ. ಒಳಗಿನ ತಿರುಳಿನ ರಸಕ್ಕೆ ಉಪ್ಪು ಬೆರೆಸಿ, ಬಾಡಿದ ಸಿಪ್ಪೆಗಳನ್ನು ಅದರಲ್ಲಿ ಅದ್ದಿ ಮತ್ತೆ ಬಿಸಿಲಿಗೆ ಹಾಕಬೇಕು, ಮತ್ತೆ ಅದ್ದಬೇಕು. ಹೀಗೆ ಕೆಲವು ದಿನ ಮಾಡಿದಾಗ ಸಿಪ್ಪೆ ಮೆತ್ತಗೆ, ಕಪ್ಪುಗೆಂಪಾಗಿ ವರ್ಷವಿಡೀ ಉಳಿಯುತ್ತದೆ. ಎಲ್ಲವೂ ಮಳೆಗಾಲ ಹಿಡಿಯುವುದರೊಳಗೆ ಮುಗಿಯಬೇಕು. ಹಣ್ಣಾಗುವುದು ಏಪ್ರಿಲ್–ಮೇ, ಜೂನ್ ಮೊದಲ ವಾರಕ್ಕೆ ಮಳೆ ಬಾಗಿಲಲ್ಲಿ. ಮಳೆ ಒಂದು ವಾರ ಮುಂಚೆ ಬಂದರೆ ಮರದ ಮೇಲಿನ ಹಣ್ಣು ಮರದಡಿಯಲ್ಲೇ ಕೊಳೆಯುತ್ತದೆ.

ಬೀಜದ ಕಥೆ ಬೇರೆಯೇ. ಒಣಗಿದ ಬೀಜ ಒಡೆದು, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಆರಿದ ಮೇಲೆ ಗಟ್ಟಿಯಾದ ಅದನ್ನು ತೆಗೆದು ಉಂಡೆ ಕಟ್ಟುತ್ತಾರೆ. ಇದೇ ಮುರುಗಲ ತುಪ್ಪ. ಕೋಣೆಯ ಬಿಸಿಗೆ ಕರಗದು, ಮೈ ಬಿಸಿಗೆ ಮೆತ್ತಗಾಗುತ್ತದೆ. ಬಿರಿದ ಹಿಮ್ಮಡಿಗೆ, ಚಳಿಗಾಲದಲ್ಲಿ ಒಡೆದ ತುಟಿಗೆ ಹಚ್ಚುವುದು ಇದನ್ನೇ. ಇದಕ್ಕೆ ಹೊರದೇಶದಲ್ಲಿ ಸಿಕ್ಕಿದ ಮರ್ಯಾದೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಯುರೋಪಿನ ಒಕ್ಕೂಟ 2000ದಲ್ಲಿ ಮಾಡಿದ ನಿಯಮದಂತೆ, ಚಾಕೊಲೇಟಿಗೆ ಕೋಕೋ ಬೆಣ್ಣೆಯ ಜೊತೆಗೆ ನೂರಕ್ಕೆ 5ರವರೆಗೆ ಸೇರಿಸಬಹುದಾದ ಸಸ್ಯಕೊಬ್ಬುಗಳು ಆರೇ ಆರು. ಅವುಗಳಲ್ಲಿ ಮುರುಗಲ ತುಪ್ಪವೂ ಒಂದು. ಕೋಕೋ ಬೆಣ್ಣೆಗಿಂತ ಇದು ಗಟ್ಟಿ. ಬೇಸಿಗೆಯಲ್ಲಿ ಚಾಕೊಲೇಟು ಬೇಗ ಕರಗದಿರಲು ಇಂಥ ಕೊಬ್ಬು ನೆರವಾಗುತ್ತದೆ.

ಇಷ್ಟೆಲ್ಲ ಆಗಿಯೂ ಈ ಕುಲದ ಹಣ್ಣುಗಳನ್ನು ಜಗತ್ತಿನ ಮಾರುಕಟ್ಟೆಗೆ ಎಳೆದದ್ದು ಸಾರೂ ಅಲ್ಲ, ತುಪ್ಪವೂ ಅಲ್ಲ, ಒಂದು ಆಮ್ಲ. ಈ ಕಥೆ ಶುರುವಾಗುವುದು ಮೈಸೂರಿನಲ್ಲಿ. ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ಮುರುಗಲ ಸೋದರನಾದ ಉಪ್ಪಾಗೆಯ ಹುಳಿ ಯಾವುದೆಂದು ಶೋಧಿಸಿದರು. ಉಪ್ಪಾಗೆ ಎಂದರೆ ಕೇರಳದವರ ಕೊಡಂಪುಳಿ, ಕೊಡಗಿನವರು ಪಂದಿಕರಿಗೆ ಹಾಕುವ ಕಾಚಂಪುಳಿಯ ಮೂಲ. ಅದರ ಹುಳಿ ನಿಂಬೆಯದೂ ಅಲ್ಲ, ಹುಣಿಸೆಯದೂ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಗೊತ್ತಾಯಿತು. ಮುರುಗಲ ಸಿಪ್ಪೆಯಲ್ಲಿರುವುದೂ ಮುಖ್ಯವಾಗಿ ಇದೇ, ನೂರಕ್ಕೆ ಹತ್ತಕ್ಕಿಂತ ಹೆಚ್ಚು.

ನಾಲ್ಕು ವರ್ಷದ ಬಳಿಕ, 1969ರಲ್ಲಿ, ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಆಮ್ಲದ ಒಂದು ವಿಶೇಷ ಗುಣವನ್ನು ಕಂಡರು. ನಾವು ಉಂಡ ಅನ್ನ, ಸಕ್ಕರೆಯಲ್ಲಿ ಮಿಕ್ಕಿದ್ದನ್ನು ದೇಹ ಕೊಬ್ಬಾಗಿ ಕೂಡಿಡುವುದಷ್ಟೆ. ಆ ಕೆಲಸದಲ್ಲಿ ತೊಡಗುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ. ಪ್ರಯೋಗದ ಇಲಿಗಳಲ್ಲಿ ಕೊಬ್ಬು ಕಟ್ಟುವುದು ಕಡಿಮೆಯಾಯಿತು. ಇಲಿಗೆ ಆದದ್ದು ಮನುಷ್ಯರಿಗೂ ಆಗಲೇಬೇಕೆಂಬ ನಂಬಿಕೆಯ ಮೇಲೆ ಒಂದು ವ್ಯಾಪಾರವೇ ನಿಂತಿತು. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗಳಿಗಾಗಿ ಉಪ್ಪಾಗೆ ಸಿಪ್ಪೆಗೆ ಬೇಡಿಕೆ ಏರಿತು, ಉತ್ತರ ಕನ್ನಡದ ಕಾಡುಗಳಲ್ಲಿ ಕೊಯ್ಲು ಜೋರಾಯಿತು.

ಇಲ್ಲಿ ತುಸು ನಿಲ್ಲಬೇಕು. ಮುರುಗಲು ಬೇಸಿಗೆಯ ಹಣ್ಣು, ಬಿಸಿಲಿನಲ್ಲೇ ಒಣಗುತ್ತದೆ. ಉಪ್ಪಾಗೆ ಮಾಗುವುದು ಮಳೆಗಾಲದಲ್ಲಿ, ಅದನ್ನು ಬೆಂಕಿಯಿಟ್ಟೇ ಒಣಗಿಸಬೇಕು. ಬೆಂಕಿಗೆ ಸೌದೆ, ಸೌದೆಗೆ ಮತ್ತೆ ಅದೇ ಕಾಡು. ಅಡಿಕೆ ತೋಟಗಳಿಗೆ ಸೇರಿದ ಸೊಪ್ಪಿನ ಬೆಟ್ಟದಲ್ಲಾದರೆ ಮರಕ್ಕೆ ನೋಡಿಕೊಳ್ಳುವವರಿರುತ್ತಾರೆ, ಹಣ್ಣು ಮಾಗುವವರೆಗೆ ಕಾಯಬಹುದು. ಸರ್ಕಾರಿ ಕಾಡಿನಲ್ಲಿ ಮೊದಲು ಹೋದವನಿಗೆ ಹಣ್ಣು. ನಾನು ಬಿಟ್ಟರೆ ನಾಳೆ ಇನ್ನೊಬ್ಬ ಕೊಯ್ಯುತ್ತಾನೆಂದು ಕಾಯಿಯನ್ನೇ ಕೊಯ್ಯುವುದು, ಕೈಗೆಟುಕದಿದ್ದರೆ ಕೊಂಬೆಯನ್ನೇ ಕಡಿಯುವುದು ನಡೆಯಿತು. ಕೊಯ್ದವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಮಳೆಗಾಲದ ಕೈ ಬರಿದಾದ ದಿನಗಳಲ್ಲಿ ಅವರಿಗೆ ಅದು ಒಳ್ಳೆಯ ಕಾಸು. ಆದರೆ ಅದೇ ಹಣ್ಣಿಗೆ ಇನ್ನೊಬ್ಬ ಗಿರಾಕಿ ಇದ್ದಾನೆ, ಸಿಂಗಳೀಕ. ಶಿರಸಿ–ಹೊನ್ನಾವರದ ನಡುವಿನ ಕಾಡುಗಳು ಈ ಅಪರೂಪದ ಕೋತಿಯ ನೆಲೆ. 2011ರಲ್ಲಿ ಅಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಲಾಯಿತು. ಉಪ್ಪಾಗೆ ಅವುಗಳ ಊಟದ ಪಟ್ಟಿಯಲ್ಲಿದೆ.

ಮಾತ್ರೆಯಿಂದ ತೂಕ ಇಳಿಯಿತೇ? 1998ರಲ್ಲಿ ನ್ಯೂಯಾರ್ಕಿನ ವೈದ್ಯರು 135 ಮಂದಿ ಸ್ಥೂಲಕಾಯರನ್ನು ಆರಿಸಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಆಮ್ಲ, ಇನ್ನೊಂದಕ್ಕೆ ನೋಡಲು ಅದೇ ಥರದ ಹುಸಿಮಾತ್ರೆ. ಇಬ್ಬರಿಗೂ ಮಿತವಾದ ಊಟ. 12 ವಾರದ ನಂತರ ತೂಗಿದಾಗ ಆಮ್ಲ ತಿಂದವರು ಸರಾಸರಿ 3.2 ಕಿಲೋ ಇಳಿದಿದ್ದರು, ಹುಸಿಮಾತ್ರೆ ತಿಂದವರು 4.1 ಕಿಲೋ! ಈ ಅಂತರಕ್ಕೆ ಅರ್ಥ ಹಚ್ಚುವಂತಿಲ್ಲ. ಆದರೆ ಮಾತ್ರೆಯಿಂದ ಲಾಭವಿಲ್ಲ ಎಂಬುದಂತೂ ತಿಳಿಯಿತು. ಅಷ್ಟಕ್ಕೇ ವ್ಯಾಪಾರ ನಿಲ್ಲಲಿಲ್ಲ. 2012ರಲ್ಲಿ ಅಮೆರಿಕದ ಟೀವಿಯ ಪ್ರಸಿದ್ಧ ವೈದ್ಯರೊಬ್ಬರು ಇದನ್ನು ಹೊಗಳಿದ ಮೇಲೆ ಮತ್ತೊಂದು ಸುತ್ತು ಹುಚ್ಚು ಹಬ್ಬಿತು. 2014ರಲ್ಲಿ ಅಲ್ಲಿನ ಸೆನೆಟ್ ಸಮಿತಿ ಅವರನ್ನು ಕರೆಸಿ ಪ್ರಶ್ನೆ ಕೇಳಿತು. ಇಂಥ ಮಾತ್ರೆ ಸೇವಿಸಿದವರ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಸಾರಿಗೆ ಹಾಕುವ ನಾಲ್ಕು ಸಿಪ್ಪೆಗೂ ಆಮ್ಲವನ್ನು ಬೇರ್ಪಡಿಸಿ ತುಂಬಿದ ಮಾತ್ರೆಗೂ ಹೋಲಿಕೆಯಿಲ್ಲ. ಅಡುಗೆಯ ಹುಳಿಗೆ ಹೆದರಬೇಕಾಗಿಲ್ಲ.

ಹಾಗಾದರೆ ಮುರುಗಲಿನಲ್ಲಿ ಪುಷ್ಟಿ ಏನಿದೆ ಎಂದು ಕೇಳಿದರೆ ಉತ್ತರ ಸಾಧಾರಣವಾದದ್ದೇ. ಸಿಪ್ಪೆಯ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯ, ನೂರಕ್ಕೆ 2–3ರಷ್ಟು. ನೇರಳೆಹಣ್ಣಿಗೆ ಬಣ್ಣ ಕೊಡುವುದೂ ಇದೇ ಜಾತಿಯದು. ಜೊತೆಗೆ ಗಾರ್ಸಿನಾಲ್ ಎಂಬ ಹಳದಿ ವಸ್ತು. ಇವೆರಡೂ ಪ್ರಯೋಗಶಾಲೆಯ ಗಾಜಿನ ಕೊಳವೆಯಲ್ಲಿ ಒಳ್ಳೆಯ ಉತ್ಕರ್ಷಣ ನಿರೋಧಕಗಳು. ಗಾಜಿನ ಕೊಳವೆಯಲ್ಲಿ ಆದದ್ದೆಲ್ಲ ಹೊಟ್ಟೆಯಲ್ಲೂ ಆಗುತ್ತದೆಂದು ಹೇಳಲು, ಮಾತ್ರೆಯ ಕಥೆ ಕೇಳಿದ ಮೇಲೆ, ನಮಗೆ ಧೈರ್ಯವಿಲ್ಲ. ಪಿತ್ತಕ್ಕೆ ಒಳ್ಳೆಯದು, ಮೈಗೆ ತಂಪು, ಪಿತ್ತಗಂಧೆ ಎದ್ದಾಗ ಅರೆದು ಹಚ್ಚಬೇಕು ಎಂಬುದು ಮನೆವೈದ್ಯ. ಬಿಸಿಲಿನಲ್ಲಿ ದಣಿದು ಬಂದವರಿಗೆ ಉಪ್ಪು, ಜೀರಿಗೆ ಹಾಕಿದ ಮುರುಗಲು ಪಾನಕ ಹಿತವಾಗುವುದಂತೂ ಹೌದು. ಬೆವರಿನಲ್ಲಿ ಹೋದ ನೀರೂ ಉಪ್ಪೂ ಒಟ್ಟಿಗೆ ಹಿಂದೆ ಬರುತ್ತವೆ. ಅಂಗಡಿಯ ಶರಬತ್ತಿನ ವಿಷಯ ಹೇಳಬೇಕೆಂದರೆ, ಆ ಬಾಟಲಿಯಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದು ಸಕ್ಕರೆ. ಸಕ್ಕರೆ ಕಾಯಿಲೆಯವರು ಒಣಸಿಪ್ಪೆ ತಂದು ಉಪ್ಪು ಹಾಕಿ ಕುಡಿಯುವುದು ಲೇಸು.

ಮುರುಗಲು ಕಾಡಿನಿಂದ ತೋಟಕ್ಕೆ ಬರಲು ಬಹಳ ಕಾಲ ಹಿಂಜರಿದ ಮರ. ಇದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಬೀಜ ಹಾಕಿ, ಏಳೆಂಟು ವರ್ಷ ನೀರೆರೆದು, ಹೂ ಬಿಟ್ಟ ದಿನ ನೋಡಿದರೆ ಗಂಡುಮರ! ಹೀಗೆ ಬೇಸತ್ತು ಕಡಿದವರು ಎಷ್ಟೋ ಮಂದಿ. ಹೆಣ್ಣುಮರದ ಕುಡಿಯಿಂದ ಕಸಿ ಕಟ್ಟುವುದು ರೂಢಿಗೆ ಬಂದ ಮೇಲೆ ಈ ಜೂಜು ತಪ್ಪಿತು, ಫಲವೂ ಬೇಗ ಬರುತ್ತದೆ. ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯ 1997ರಲ್ಲೇ ಕೊಂಕಣ ಅಮೃತಾ ಎಂಬ ತಳಿಯನ್ನು ಹೊರತಂದಿತು. ನಮ್ಮ ಮಲೆನಾಡಿನಲ್ಲಿ ಹಳದಿ ಹಣ್ಣು ಬಿಡುವ ಬಿಳಿ ಮುರುಗಲು ಎಂಬ ಅಪರೂಪದ ಬಗೆ ಇದೆ. ಅಂಥ ಮರ ಹಿತ್ತಲಲ್ಲಿ ಇದ್ದವರು ಕಡಿಯುವ ಮೊದಲು ನಾಲ್ಕು ಕಸಿಯನ್ನಾದರೂ ಕಟ್ಟಿಸಲಿ.

ಕೊನೆಗೆ ಕೊಳ್ಳುವವರಿಗೆ ಒಂದು ಉಪಾಯ. ಸಿಪ್ಪೆ ಕೊಳ್ಳುವಾಗ ಮೆತ್ತಗೆ ಬಾಗುವಂಥದ್ದು, ಒಳಬದಿ ಕೆಂಪಿರುವಂಥದ್ದು ನೋಡಿ. ಕಡ್ಡಿಯಂತೆ ಮುರಿಯುವುದು ಹಳತು. ಶರಬತ್ತಿನ ಬಣ್ಣ ಹಣ್ಣಿನದೋ ಡಬ್ಬಿಯದೋ ಎಂಬ ಅನುಮಾನ ಬಂದರೆ ಒಂದು ಚಮಚ ಶರಬತ್ತನ್ನು ಬಿಳಿ ಬಟ್ಟಲಿಗೆ ಹಾಕಿ, ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ, ನೊರೆ ನಿಲ್ಲುವವರೆಗೆ ಸೇರಿಸಿ. ಹಣ್ಣಿನ ಕೆಂಪಾದರೆ ಹುಳಿ ಹೋಗುತ್ತಿದ್ದಂತೆ ನೀಲಿಗೋ ಮಾಸಲು ಹಸಿರಿಗೋ ತಿರುಗುತ್ತದೆ. ಡಬ್ಬಿಯ ಬಣ್ಣವಾದರೆ ಸಾಮಾನ್ಯವಾಗಿ ಕೆಂಪಾಗಿಯೇ ಕುಳಿತಿರುತ್ತದೆ.