ಮೊದಲು ಕಾಲು ಏಳಲಿ, ಹುಮ್ಮಸ್ಸು ಹಿಂದೆ ಬರುತ್ತದೆ

ಉತ್ತರ ಕನ್ನಡದ ಜೋಯಿಡಾದ ಕಡೆ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ. ಬೇಸಾಯಗಾರರಿಗೆ ಗದ್ದೆಯ ಕೆಲಸ ಇದ್ದೇ ಇರುತ್ತದೆ. ನಿವೃತ್ತರು, ಕಾಯಿಲೆಯಿಂದ ಎದ್ದವರು, ಮನೆಯಲ್ಲೇ ಕಂಪ್ಯೂಟರ್ ಮುಂದೆ ದುಡಿಯುವವರು ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳಕ್ಕಿಳಿಯುವುದೇ ಅಪರೂಪ. ಮಳೆ ನಿಂತ ಮೇಲೂ ಅವರಿಗೆ ಏಳಲು ಮನಸ್ಸಾಗುವುದಿಲ್ಲ. ಮನೆಯವರು ಅದನ್ನು ಸೋಮಾರಿತನ ಎಂದುಬಿಡುತ್ತಾರೆ. ಅಷ್ಟು ಸುಲಭವಾಗಿ ಹಾಗೆನ್ನಬಾರದು, ಏಕೆಂದರೆ ಅವರ ದೇಹವೇ ಬದಲಾಗಿರುತ್ತದೆ.

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐವರು ಆರೋಗ್ಯವಂತ ಯುವಕರನ್ನು 20 ದಿನ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಿದರು. ಶ್ರಮಪಡುವಾಗ ದೇಹ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ ಕಾಲು ಭಾಗಕ್ಕಿಂತ ಹೆಚ್ಚು ಇಳಿದಿತ್ತು. ಮಲಗಿಯೋ ಕುಳಿತೋ ದಿನ ಕಳೆದಾಗ ರಕ್ತದ ಪ್ರಮಾಣ ತಗ್ಗುತ್ತದೆ, ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತವೂ ತಗ್ಗುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ. ಆಮೇಲೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ಏದುಸಿರಿಗೆ ಹೆದರಿ ಮತ್ತೆ ಕುಳಿತರೆ ಶಕ್ತಿ ಇನ್ನಷ್ಟು ಇಳಿಯುತ್ತದೆ. ಆದರೆ ಆ ಯುವಕರು ಸುಮಾರು ಎರಡು ತಿಂಗಳ ತಾಲೀಮಿನಲ್ಲಿ ಕಳೆದುಕೊಂಡದ್ದನ್ನು ಮರಳಿ ಪಡೆದರು. ನನಗೆ ಇಡೀ ಪ್ರಯೋಗದಲ್ಲಿ ದೊಡ್ಡದೆನಿಸುವುದು ಇದೇ.

ಹುಮ್ಮಸ್ಸು ಬಂದ ಮೇಲೆ ಶುರುಮಾಡುತ್ತೇನೆ ಎನ್ನುವವರು ಕಾಯುತ್ತಲೇ ಇರುತ್ತಾರೆ. ಖಿನ್ನತೆಗೆ ಚಿಕಿತ್ಸೆ ಕೊಡುವ ಮನೋತಜ್ಞರು ಎಷ್ಟೋ ಸಲ ಈ ಸರದಿಯನ್ನು ತಿರುಗಿಸುತ್ತಾರೆ: ಮನಸ್ಸಿದ್ದರೂ ಇಲ್ಲದಿದ್ದರೂ ಗೊತ್ತುಮಾಡಿದ ಹೊತ್ತಿಗೆ ಒಂದು ಸಣ್ಣ ಕೆಲಸ. ಮಾಡಿ ಮುಗಿಸಿದ ಸಮಾಧಾನವೇ ಮರುದಿನದ ಹುಮ್ಮಸ್ಸಾಗುತ್ತದೆ.

ಇದರ ಜೀವಂತ ಮಾದರಿ ಮುಂಡಗೋಡಿನಲ್ಲಿದೆ. 1966ರಲ್ಲಿ ಆರಂಭವಾದ ಅಲ್ಲಿನ ಟಿಬೆಟನ್ ನೆಲೆಯಲ್ಲಿ ಹಿರಿಯರು ಜಪಮಾಲೆ ಹಿಡಿದು ಪ್ರದಕ್ಷಿಣೆ ಹಾಕುತ್ತಾರೆ. ಅದಕ್ಕೆ ಅವರು ‘ಕೋರಾ’ ಎನ್ನುತ್ತಾರೆ. ದಾರಿ ಅದೇ, ಜೊತೆಗೆ ನಾಲ್ಕು ಜನ ಪರಿಚಿತರು. ಇವತ್ತು ಹೋಗಲೋ ಬೇಡವೋ ಎಂಬ ಲೆಕ್ಕಾಚಾರಕ್ಕೇ ಎಡೆಯಿಲ್ಲ. ನಿಮಗೂ ಅಂಥದೊಂದು ದಾರಿ ಬೇಕು, ಗುಡಿಯ ಸುತ್ತಲೋ ಶಾಲೆಯ ಮೈದಾನದ ಸುತ್ತಲೋ. ಮೊದಲ ವಾರ ದಿನಕ್ಕೆ ಹತ್ತು ನಿಮಿಷ ಸಾಕು. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವೇಗದ ಅಳತೆ ಅದು. ಪ್ರತಿ ವಾರ ಅದನ್ನು ಐದೈದು ನಿಮಿಷ ಏರಿಸುತ್ತ ಹೋದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷ ದೂರವೇನಲ್ಲ.

ಹೊತ್ತು ಮೂಡಿದ ಮೇಲೆಯೇ ಹೊರಡಿ. ಬೆಳಗಿನ ಬೆಳಕು ನಿದ್ರೆಯ ಗಡಿಯಾರವನ್ನು ಸರಿಪಡಿಸುತ್ತದೆ. ಅದಲ್ಲದೆ ದಾಂಡೇಲಿ, ಜೋಯಿಡಾ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಿನ ಊರುಗಳು. ಕತ್ತಲಲ್ಲಿ ಕಾಡಂಚಿನ ದಾರಿ ಬೇಡ. ಕಾಳಿ ನದಿಯಲ್ಲಿ ಮೊಸಳೆಗಳಿವೆ, ದಣಿವಾರಿಸಲು ನೀರಿನಂಚಿಗೆ ಇಳಿಯಬೇಡಿ.

ನಡಿಗೆಯೊಂದರಿಂದ ತೊಡೆಗೆ ಬಲ ಬಾರದು. ಹಳಿಯಾಳದ ಪೈಲ್ವಾನರು ಬೈಠಕ್ ಹೊಡೆದೇ ಕಾಲು ಗಟ್ಟಿಮಾಡಿಕೊಳ್ಳುವುದು. ಬಹುಕಾಲ ಕುಳಿತವರಿಗೆ ಅದರ ಸೌಮ್ಯ ರೂಪ ಸಾಕು: ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಎಂಟು ಹತ್ತು ಸಲ, ವಾರಕ್ಕೆ ಎರಡು ಮೂರು ದಿನ. ಮರುದಿನ ಅಥವಾ ಅದರ ಮಾರನೆಯ ದಿನ ತೊಡೆ ನೋಯುವುದು ಸಹಜ. ಆ ದಿನ ನಿಧಾನ ನಡಿಗೆ ಮಾತ್ರ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ಮುಂದೊಂದು ತಾರೀಖು ಇದ್ದರೆ ಚೆನ್ನ. ಈ ಸೀಮೆಗೆ ಅದು ಉಳವಿ ಚನ್ನಬಸವೇಶ್ವರ ಜಾತ್ರೆ. ಮಾಘ ಮಾಸದಲ್ಲಿ ಚಕ್ಕಡಿ ಕಟ್ಟಿಕೊಂಡು, ನಡೆದುಕೊಂಡು ಭಕ್ತರು ಕಾಡುದಾರಿಯಲ್ಲಿ ಬರುತ್ತಾರೆ. ದೀಪಾವಳಿಗೆ ಶುರುಮಾಡಿದರೆ ಅಲ್ಲಿಗೆ ಮೂರು ತಿಂಗಳು. ಕೊನೆಯ ಒಂದೆರಡು ಕಿಲೋಮೀಟರ್ ಅವರ ಜೊತೆ ಹೆಜ್ಜೆ ಹಾಕುತ್ತೇನೆ ಎಂದು ಈಗಲೇ ಗೆಳೆಯನೊಬ್ಬನಿಗೆ ಮಾತು ಕೊಡಿ.

ಮೂರು ನಾಲ್ಕು ವಾರ ಹೀಗೆ ನಡೆದೂ ಸುಸ್ತು ಇಳಿಯದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ರಕ್ತಹೀನತೆಯನ್ನು ನಡಿಗೆ ವಾಸಿಮಾಡದು. ಎರಡು ವಾರ ಮೀರಿ ಯಾವುದರಲ್ಲೂ ಆಸೆಯೇ ಹುಟ್ಟದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು.